ಹಿಂದಿನ ಬ್ರೇಕ್ ಭಾಗ ಬದಲಿಸಿದ ಮೇಲೆ ಪೆಡಲ್ ಕೆಳಗೆ ಹೋಗುತ್ತಿದೆ, ಏರ್ ಉಳಿದಿರಬಹುದೇ?

ಪ್ರಶ್ನೆ (ಶಿರಸಿ):
ನಮ್ಮ ಹಳೆಯ ಮಾರುತಿ 800ರ ಹಿಂದಿನ ಎರಡೂ ವೀಲ್ ಸಿಲಿಂಡರುಗಳು (ಬ್ರೇಕ್ ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ಭಾಗಗಳು) ಸೋರುತ್ತಿದ್ದುದರಿಂದ ಅವನ್ನೂ, ಆಯಿಲ್ ಕುಡಿದು ಹಾಳಾಗಿದ್ದ ಬ್ರೇಕ್ ಶೂಗಳನ್ನೂ (ಚಕ್ರದ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿಗಳು) ಹೊಸದಾಗಿ ಹಾಕಿದ್ದೇನೆ. ತಮ್ಮನನ್ನು ಪೆಡಲ್ ತುಳಿಯಲು ಕೂರಿಸಿ ನಾಲ್ಕೂ ಚಕ್ರಗಳ ಬ್ರೇಕ್ ಪೈಪಿನಲ್ಲಿ ಸೇರಿದ್ದ ಏರ್ (ಗಾಳಿ) ತೆಗೆದಾಗಿದೆ. ಏರ್ ಹೊರಬಿಡುವ ನಿಪ್ಪಲ್‌ಗೆ ಸಿಕ್ಕಿಸಿದ ಪೈಪಿನಲ್ಲಿ ಈಗ ಒಂದೂ ಗುಳ್ಳೆ ಬರುವುದಿಲ್ಲ. ಆದರೂ ಮೊದಲ ಸಲ ತುಳಿದಾಗ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ, ಕೂಡಲೇ ಇನ್ನೊಮ್ಮೆ ತುಳಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಮುಂದಿನ ವಾರ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕಿದೆ. ಮತ್ತೆ ಏರ್ ತೆಗೆಯಬೇಕೇ, ಮಾಸ್ಟರ್ ಸಿಲಿಂಡರನ್ನೂ (ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಭಾಗ) ಬದಲಿಸಬೇಕೇ?

ಉತ್ತರ (ಕಾರವಾರ):
ಆಯಿಲ್ ಖರ್ಚು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದು ಪೆಡಲ್ ತುಳಿಯಿರಿ. ಆಗ ಪೆಡಲ್ ಮೇಲೆಯೇ ನಿಂತರೆ ಹಿಂದಿನ ಶೂಗಳಿಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಾಗಿದೆ ಎಂದರ್ಥ, ಏಕೆಂದರೆ ಹ್ಯಾಂಡ್‌ಬ್ರೇಕ್ ಶೂಗಳನ್ನು ಮೊದಲೇ ಡ್ರಮ್ಮಿನ ಹತ್ತಿರ ತಂದಿರುತ್ತದೆ. ಹೊಸ ಶೂ ಹಾಕಿದಾಗ ಹೀಗಾಗುವುದು ಸಾಮಾನ್ಯ. ಚಕ್ರ ಕೈಯಲ್ಲಿ ತಿರುಗಿಸಿದಾಗ ಶೂ ತುಸು ಉಜ್ಜುವ ಸದ್ದು ಕೇಳುವಷ್ಟು ಬಿಗಿ ಮಾಡಿ, ಅನಂತರ ಸದ್ದು ನಿಲ್ಲುವಷ್ಟೇ ಸಡಿಲಿಸಬೇಕು. ಹ್ಯಾಂಡ್‌ಬ್ರೇಕ್ ಕೇಬಲನ್ನು ಎಳೆದು ಈ ಅಂತರ ಮುಚ್ಚಲು ಮಾತ್ರ ಹೋಗಬೇಡಿ.

ಏರ್ ಉಳಿದಿದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಿರುತ್ತದೆ. ಕಾಲು ಒತ್ತಿ ಹಿಡಿದಾಗ ಎಲ್ಲಿಯೂ ಸೋರದೆ ನಿಧಾನವಾಗಿ ಇಳಿಯುತ್ತಾ ಹೋದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದೆ ಎಂದು ಸಂಶಯಪಡಬೇಕು.

ಉತ್ತರ (ಅಂಕೋಲಾ):
ಮೇಲಿನವರು ಹೇಳಿದ್ದು ಸರಿ. ಮತ್ತೆ ಏರ್ ತೆಗೆಯುವ ಪ್ರಸಂಗ ಬಂದರೆ, ಹಳೆಯ ಮಾಸ್ಟರ್ ಸಿಲಿಂಡರ್ ಇರುವ ಕಾರಿನಲ್ಲಿ ಪೆಡಲನ್ನು ತಳಕ್ಕೆ ಮುಟ್ಟುವಂತೆ ತುಳಿಯದಿರುವುದು ಒಳ್ಳೆಯದು. ದಿನನಿತ್ಯ ಪಿಸ್ಟನ್ ತಲುಪದ ಭಾಗದಲ್ಲಿ ತುಕ್ಕು ಕುಳಿತಿರುತ್ತದೆ, ಅಲ್ಲಿ ಉಜ್ಜಿದರೆ ಚೆನ್ನಾಗಿದ್ದ ರಬ್ಬರೂ ಹರಿಯುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟುಕೊಂಡರೆ ಸಾಕು. ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ತೆಗೆಯುವಂತೆ ತಮ್ಮನಿಗೆ ಹೇಳಿ, ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿ ಆಯಿಲ್ ತಳ ಕಾಣದಂತೆ ನೋಡಿಕೊಳ್ಳಿ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಕಾರಾದರೆ ನಿಪ್ಪಲ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸುತ್ತಲೂ ಹಿಡಿಯುವ ರಿಂಗ್ ಪಾನಾ ಬಳಸಿ. ಮೂಲೆ ಸವೆದ ನಿಪ್ಪಲ್ ಬಿಚ್ಚುವುದು ದೊಡ್ಡ ತಾಪತ್ರಯ.

ಕಳೆದ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಆಯಿಲನ್ನು ಹಾಕಿರಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಎಷ್ಟು ತುಳಿದರೂ ಪೆಡಲ್ ಖಾಲಿಯೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಹ್ಯಾಂಡ್‌ಬ್ರೇಕ್ ಎಳೆದಾಗ ಪೆಡಲ್ ಮೇಲೆಯೇ ನಿಂತಿತು. ಶೂ ಬಿಗಿ ಮಾಡಿದ ಮೇಲೆ ಮೊದಲ ತುಳಿತದಲ್ಲೇ ಹಿಡಿಯುತ್ತಿದೆ. ಇಬ್ಬರಿಗೂ ಧನ್ಯವಾದಗಳು.

ಉತ್ತರ (ಕಾರವಾರ):
ಸಂತೋಷ. ಘಟ್ಟಕ್ಕಿಳಿಯುವ ಮೊದಲು ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ ಹಿಂದಿನ ಎರಡೂ ಡ್ರಮ್ಮುಗಳ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದರ ಶಾಖ ಹೆಚ್ಚಿದ್ದರೆ ಆ ಕಡೆ ಶೂ ಇನ್ನೂ ಬಿಗಿಯಾಗಿದೆ, ತುಸು ಸಡಿಲಿಸಿ.