ಸಹಾಯ ಬೇಕು: ಪಕ್ಕದ ಮನೇಲಿ ಕೊಡೋ ಪಾರ್ಸಲ್‌ಗೆ ಪುರಾವೆ ಹೇಗೆ?

ದಾವಣಗೆರೆಯ ನಿಟುವಳ್ಳಿ, ವಿದ್ಯಾನಗರ ಕಡೆ ನನ್ನ ಹಾಗೆ ಪಾರ್ಸಲ್ ಡೆಲಿವರಿ ಮಾಡೋ ಅಣ್ಣಂದಿರೇ, ದಯವಿಟ್ಟು ಹೇಳಿ. ಗಿರಾಕಿ ಮನೇಲಿ ಇರಲ್ಲ, ಫೋನಲ್ಲೇ ಓಟಿಪಿ ಹೇಳಿ "ಪಕ್ಕದ ಮನೇಲಿ ಕೊಡಿ" ಅಂತಾರೆ. ಓಟಿಪಿ ಹಾಕಿದ ಕೂಡಲೇ ಡೆಲಿವರಿ ಮುಗೀತು. ಆಮೇಲೆ ಸಿಗಲಿಲ್ಲ ಅಂದ್ರೆ ನಮ್ಮ ಹತ್ರ ಏನೂ ಇರಲ್ಲ. ಅದಕ್ಕೆ ಮೊದಲು ಗಿರಾಕಿಯಿಂದ ಮೆಸೇಜ್ ಹಾಕಿಸಿಕೊಂಡು, ತಗೊಂಡವರ ಹೆಸರು ಕೇಳಿ, ಲೇಬಲ್ಲೂ ಮನೆ ನಂಬರೂ ಒಟ್ಟಿಗೆ ಕಾಣೋ ಹಂಗೆ ಫೋಟೋ ತೆಗೆದು, ಕೊನೆಗೆ ಓಟಿಪಿ ಹಾಕೋದೇ ಸರಿ. ಬರೀ ಬಾಗಿಲ ಫೋಟೋ ಸಾಲಲ್ಲ.

ತೊಡಕಿರೋದು ಓಪನ್ ಬಾಕ್ಸ್ ಡೆಲಿವರಿ, ಅಂದ್ರೆ ಗಿರಾಕಿ ಮುಂದೆನೇ ಬಾಕ್ಸ್ ಬಿಚ್ಚಿ ಕೊಡೋ ಮೊಬೈಲ್‌ಗಳಲ್ಲಿ. ಬಿಚ್ಚಿ ತೋರಿಸಿದ ಮೇಲೇ ಓಟಿಪಿ ತಗೋಬೇಕು. ಪಕ್ಕದ ಮನೆಯವರ ಮುಂದೆ ಬಿಚ್ಚಿ, ಗಿರಾಕಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ್ರೆ ನಡೆಯುತ್ತಾ? ನಿಮ್ಮ ಹಬ್‌ನಲ್ಲಿ (ಪಾರ್ಸಲ್ ತಗೊಂಡು ಹೊರಡೋ ಸೆಂಟರ್‌ನಲ್ಲಿ) ಇದನ್ನ ಒಪ್ತಾರಾ, ಇಲ್ಲ ವಾಪಸ್ ತನ್ನಿ ಅಂತಾರಾ?