ನಾಣ್ಯ ಮೇಳದಲ್ಲಿ ತಾತನ ಕಾಲದ ನಾಣ್ಯಗಳನ್ನು ಮಾರುವುದು: ನಿಮ್ಮ ಅನುಭವ ತಿಳಿಸಿ

ಹಾಸನದಿಂದ ಬಂದ ಪ್ರಶ್ನೆ

ತೀರಿಕೊಂಡ ನಮ್ಮ ತಾತನವರ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ಮತ್ತು ಜಾರ್ಜ್ ದೊರೆಗಳ ಬೆಳ್ಳಿ ರೂಪಾಯಿಗಳಿರುವ ಒಂದು ಚೀಲ, ಆನೆಯ ಚಿತ್ರವಿರುವ ಕೆಲವು ತಾಮ್ರದ ಕಾಸುಗಳು ಮತ್ತು ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ, "ಹಣ" ಎಂದು ಕರೆಯುವ ಒಂದು ಹಳೆಯ ಚಿನ್ನದ ನಾಣ್ಯ ದೊರೆತಿವೆ. ತಂಗಿಯ ಓದಿನ ಖರ್ಚಿಗೆ ಒದಗಲೆಂದು ಇವುಗಳನ್ನು ಬೆಂಗಳೂರಿನ ನಾಣ್ಯ ಮೇಳಕ್ಕೆ ಕೊಂಡೊಯ್ದು ಮಾರಬೇಕೆಂದಿದ್ದೇವೆ. ನಾನು ಇದುವರೆಗೆ ಇಂಥ ಮೇಳಕ್ಕೆ ಹೋದವನಲ್ಲ. ವ್ಯಾಪಾರಿಗಳೊಡನೆ ಮಾತು ಹೇಗೆ ಆರಂಭಿಸಬೇಕು, ಎಲ್ಲವನ್ನೂ ಒಬ್ಬರಿಗೇ ಕೊಡುವುದು ಸರಿಯೇ, ತಾಮ್ರದ ಕಾಸುಗಳಿಗೆ ಬೆಲೆಯಿದೆಯೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ತುಮಕೂರಿನಿಂದ

ಎಲ್ಲವನ್ನೂ ಒಬ್ಬರಿಗೇ ಕೊಡುವ ಯೋಚನೆಯನ್ನು ಮೊದಲು ಬಿಟ್ಟುಬಿಡಿ. 2019ರಲ್ಲಿ ನಮ್ಮ ಮಾವನವರ ಮನೆಯಿಂದ ಬಂದ ಅರವತ್ತೆರಡು ಬೆಳ್ಳಿ ರೂಪಾಯಿಗಳನ್ನು ನಾನು ಮೇಳವೊಂದಕ್ಕೆ ಕೊಂಡೊಯ್ದಿದ್ದೆ. ಬಾಗಿಲ ಪಕ್ಕದ ಟೇಬಲಿನ ವ್ಯಾಪಾರಿ ಒಂದೊಂದು ನಾಣ್ಯವನ್ನೂ ಬೆರಳಿನಿಂದ ಸರಿಸಿ ಇಸವಿ ಓದುತ್ತಿದ್ದ. ಬಾಯಲ್ಲಿ ಮಾತ್ರ "ಇದೆಲ್ಲ ತೂಕದ ಮಾಲು" ಎನ್ನುತ್ತಿದ್ದ. 1939ರವರೆಗಿನ ಒಂದು ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿಯಿರುತ್ತದೆ. ಅಂದು ಬೆಳ್ಳಿಯ ದರ ಗ್ರಾಂಗೆ ನಲವತ್ತೈದು ರೂಪಾಯಿಯ ಆಸುಪಾಸಿನಲ್ಲಿದ್ದುದರಿಂದ ಬರೀ ಕರಗಿಸಿದರೂ ಒಂದಕ್ಕೆ 480 ರೂಪಾಯಿ ಆಗುತ್ತಿತ್ತು. ಅವನು ಕೊಟ್ಟದ್ದು 430ರಂತೆ 26,660 ರೂಪಾಯಿ. ಅದರಲ್ಲಿ ಬಾಡಿಗೆ ಕಾರಿಗೆ 2,200, ಪ್ರವೇಶ ಮತ್ತು ಊಟಕ್ಕೆ 340 ಹೋಯಿತು.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಊಟ ಮುಗಿಸಿ ಮರಳಿ ಬರುವಷ್ಟರಲ್ಲಿ ನನ್ನದೇ 1911ರ ರೂಪಾಯಿ ಅವನ ಗಾಜಿನ ಪೆಟ್ಟಿಗೆಯಲ್ಲಿ 2,500ರ ಚೀಟಿ ಹೊತ್ತು ಕುಳಿತಿತ್ತು. ಅಂಚಿನಲ್ಲಿದ್ದ ಕಚ್ಚಿನಿಂದ ನಾನು ಅದನ್ನು ಗುರುತಿಸಿದೆ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದು, ಸರಕಾರ ಆ ವರ್ಷದ ರೂಪಾಯಿಗಳನ್ನು ಹಿಂದಕ್ಕೆ ಪಡೆದು ಮರುವರ್ಷ ಅಚ್ಚನ್ನೇ ತಿದ್ದಿತೆಂಬುದು ಈ ವ್ಯವಹಾರದಲ್ಲಿರುವ ಯಾರಿಗೆ ತಿಳಿಯದು? ಅವನಿಗೂ ತಿಳಿದಿತ್ತು. ತಿಳಿದೂ ತೂಕದ ಮಾಲು ಎಂದದ್ದನ್ನು ನಾನು ವಂಚನೆ ಎಂದೇ ಕರೆಯುತ್ತೇನೆ.

ಬೆಂಗಳೂರು ಬಸವನಗುಡಿಯಿಂದ, ನಾಣ್ಯ ವ್ಯಾಪಾರಿ

ಒಬ್ಬನ ನಡತೆಯನ್ನು ಹಿಡಿದು ವೃತ್ತಿಯವರನ್ನೆಲ್ಲ ತೂಗುವುದು ನ್ಯಾಯವಲ್ಲ. ಟೇಬಲಿನ ಈಚೆ ಬದಿಯ ಲೆಕ್ಕವನ್ನೂ ಒಮ್ಮೆ ಕೇಳಿ. ಕಳೆದ ಮೇಳದಲ್ಲಿ ಟೇಬಲ್ ಬಾಡಿಗೆ 12,000, ಸಹಾಯಕನ ಸಂಬಳ 2,700, ಸಾಗಣೆ ಮತ್ತು ಆಟೊ 1,850, ಒಟ್ಟು 16,550 ರೂಪಾಯಿ ಖರ್ಚಾಯಿತು. ನಾನು ಮಾರಿದ ಮಾಲಿಗೆ ಬಂದದ್ದು 41,000. ಆ ಮಾಲನ್ನು ನಾನು ಕೊಂಡದ್ದು 29,500ಕ್ಕೆ. ಅಂದರೆ ಮೇಳ ಮುಗಿದಾಗ ಕೈಯಿಂದ 5,050 ರೂಪಾಯಿ ಹೋಗಿತ್ತು. ಇದರ ಮೇಲೆ, ಜನ ಮುತ್ತಿಕೊಂಡ ಹೊತ್ತಿನಲ್ಲಿ ಟ್ರೇಯಿಂದ ಒಂದು ಅರ್ಧ ರೂಪಾಯಿ ಮಾಯವಾಯಿತು. ಚೀಟಿಯ ಮೇಲಿನ 2,500 ಎಂಬುದು ಬಂದ ಹಣವಲ್ಲ. ಆ ನಾಣ್ಯ ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಉಳಿಯಬಹುದು, ಕೊನೆಗೆ 1,700ಕ್ಕೆ ಹೋಗಬಹುದು.

ನಮ್ಮ ಟೇಬಲಿಗೆ ಬರುವವರ ಕಥೆಯನ್ನೂ ಹೇಳುತ್ತೇನೆ. 2012ರ ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯವನ್ನು ಹಿಡಿದು ಲಕ್ಷಗಟ್ಟಲೆ ಕೇಳುವವರು ಪ್ರತಿ ಮೇಳದಲ್ಲೂ ಇರುತ್ತಾರೆ. ರಾಮ, ಹನುಮಂತರ ಚಿತ್ರದೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಎಂಬ ಇಸವಿಯೂ ಇರುವ ಬಿಲ್ಲೆಗಳನ್ನು, ಅಕ್ಕಿಕಾಳು ಸೆಳೆಯುವ ನಾಣ್ಯವೆಂದು ನಂಬಿ ಹಲವರು ತರುತ್ತಾರೆ. ಕಂಪನಿಯು ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಲಿಲ್ಲ. ಹಳೆಯ ನಾಣ್ಯ ಖರೀದಿಯ ಹೆಸರಿನಲ್ಲಿ ತನ್ನ ಹೆಸರನ್ನು ಬಳಸಿ ಜನರಿಂದ ಶುಲ್ಕ ಕೀಳಲಾಗುತ್ತಿದೆಯೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ಆ ವಂಚಕರ ಪಾಪವನ್ನೂ ಬೈಗುಳವನ್ನೂ ಹೊರುವವರು ನಾವು.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ನಾನು ಒಂದೇ ಒಂದು ನಾಣ್ಯವನ್ನೂ ಮಾರಿಲ್ಲ, ಮಾರುವುದೂ ಇಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಪ್ರಶ್ನೆ ಕೇಳಿದ ತಮ್ಮನವರ ಪೆಟ್ಟಿಗೆಯಲ್ಲಿರುವ ಹಣ ಕಂಠೀರವ ನರಸರಾಜ ಒಡೆಯರದಾಗಿರಬಹುದು. 1638ರಿಂದ 1659ರವರೆಗೆ ಆಳಿದ ಅವರು ಶ್ರೀರಂಗಪಟ್ಟಣದಲ್ಲಿ ನರಸಿಂಹನ ಬಿಂಬವಿರುವ ಹಣವನ್ನು ಅಚ್ಚು ಹಾಕಿಸಿದರು. ಹತ್ತು ಹಣಕ್ಕೆ ಒಂದು ವರಾಹವೆಂಬ ಲೆಕ್ಕವಿತ್ತು. ಇದೇ ಮಾದರಿಯ ಹಣವನ್ನು ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಅಚ್ಚು ಹಾಕಲಾಯಿತು. ಹೀಗಾಗಿ "ಕಂಠೀರವರದೇ, ಮುನ್ನೂರೈವತ್ತು ವರ್ಷದ್ದು" ಎಂದು ಟೇಬಲಿನವರು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ.

ನನ್ನ ಬಳಿಯಿರುವ ಚಿನ್ನದ ಹಣವನ್ನು ನಾನು 4,800 ರೂಪಾಯಿಗೆ ಕೊಂಡೆ. ವ್ಯಾಪಾರಿ ಮೊದಲು 6,500 ಹೇಳಿದ್ದರು. ಈ ಹಣದ ತೂಕ ಗ್ರಾಂನ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಕ್ಕಸಾಲಿಗರ ಸಾಧಾರಣ ತಕ್ಕಡಿ ಇದಕ್ಕೆ ಸಾಲದೆಂದು ನಾನು ಮೂರು ದಶಾಂಶ ತೋರಿಸುವ ಪುಟ್ಟ ತಕ್ಕಡಿಯನ್ನು ಕೈಚೀಲದಲ್ಲಿ ಒಯ್ದಿದ್ದೆ. ಅದನ್ನು ಟೇಬಲಿನ ಮೇಲಿಟ್ಟ ಕ್ಷಣದಿಂದ ಅವರ ಮಾತಿನ ವರಸೆಯೇ ಬೇರೆಯಾಯಿತು. ತೂಕ, ವಿವರ, "ನಕಲಿಯೆಂದು ಸಾಬೀತಾದರೆ ಪೂರ್ತಿ ಮೊತ್ತ ವಾಪಸು" ಎಂಬ ಸಾಲು, ಇವೆಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆಯೇ ನಾನು ದುಡ್ಡು ಎಣಿಸಿದ್ದು. ಬಿಲ್ ಕೊಡಲು ಹಿಂಜರಿದ ಇಬ್ಬರ ಟೇಬಲಿನಿಂದ ನಾನು ಎದ್ದು ಬಂದಿದ್ದೆ.

ತುಮಕೂರಿನಿಂದ

ಮೇಡಂ ಅವರೇ, ನೀವು ಕೊಳ್ಳಲು ಹೋದವರು, ನಾನು ಮಾರಲು ಹೋದವನು. ಕೊಳ್ಳುವವರನ್ನು ಕುರ್ಚಿ ಕೊಟ್ಟು ಕೂರಿಸುತ್ತಾರೆ, ಮಾರುವವರನ್ನು ನಿಲ್ಲಿಸಿಯೇ ಮಾತಾಡಿಸುತ್ತಾರೆ. ಬಸವನಗುಡಿಯವರು ಬಾಡಿಗೆಯ ಲೆಕ್ಕ ಕೊಟ್ಟಿದ್ದಾರೆ. ಆದರೆ ಅವರ ಬಾಡಿಗೆಯನ್ನು ನನ್ನ ಮಾವನವರ ನಾಣ್ಯಗಳು ಏಕೆ ಕಟ್ಟಬೇಕು? ಕರಗಿಸುವ ಬೆಲೆಗಿಂತಲೂ ಐವತ್ತು ರೂಪಾಯಿ ಕಡಿಮೆ ಕೊಟ್ಟದ್ದಕ್ಕೆ ಅವರ ಬಳಿ ಯಾವ ಸಮಾಧಾನವಿದೆ?

ದಾವಣಗೆರೆಯಿಂದ

ನನ್ನ ಅನುಭವ ಬೇರೆಯೇ ಇದೆ. ನಮ್ಮ ಮನೆಯ ನಾಣ್ಯಗಳು ಕಪ್ಪಾಗಿದ್ದವು. ನಮ್ಮಮ್ಮ ಅವನ್ನು ಹುಣಸೆಹಣ್ಣಿನ ರಸದಲ್ಲಿ ನೆನೆಸಿ, ಸೀಗೆಪುಡಿಯಲ್ಲಿ ಉಜ್ಜಿ, ಹತ್ತಿ ಬಟ್ಟೆಯಲ್ಲಿ ಒರೆಸಿಟ್ಟರು. ಹೊಳೆಯುವ ಬೆಳ್ಳಿಯನ್ನು ಕಂಡು ವ್ಯಾಪಾರಿ ಒಂದು ರೂಪಾಯಿಗೆ 900ರಂತೆ ಕೊಟ್ಟ. ತುಮಕೂರಿನವರಿಗೆ ಸಿಕ್ಕಿದ್ದರ ಎರಡು ಪಟ್ಟಿಗಿಂತ ಹೆಚ್ಚು! ಮಾಲು ಚೊಕ್ಕವಾಗಿದ್ದರೆ ಬೆಲೆ ತಾನಾಗಿ ಬರುತ್ತದೆ.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಹುಣಸೆ ಹುಳಿ ಲೋಹದ ಮೇಲ್ಪದರವನ್ನೇ ತಿನ್ನುತ್ತದೆ, ಉಜ್ಜಿದಾಗ ಬೀಳುವ ಸಣ್ಣ ಗೀರುಗಳು ಭೂತಗನ್ನಡಿಯಲ್ಲಿ ಸಾಲುಸಾಲಾಗಿ ಕಾಣುತ್ತವೆ. ನೂರು ವರ್ಷದಲ್ಲಿ ತಾನಾಗಿ ಬಂದ ಕಪ್ಪನ್ನೇ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ನಿಮಗೆ 900 ಬಂದದ್ದು ನೀವು ಮಾರಿದ ದಿನದ ಬೆಳ್ಳಿಯ ದರದಿಂದ. 2019ರ ದರಕ್ಕೂ ಈಚಿನ ದರಕ್ಕೂ ಇರುವ ಅಂತರವನ್ನು ಲೆಕ್ಕಹಾಕಿ ನೋಡಿ.

ದಾವಣಗೆರೆಯಿಂದ

ನಮ್ಮಮ್ಮ ತೊಳೆದದ್ದು ತಪ್ಪೆಂದು ಹೇಳಲು ನೀವು ಯಾರು? ಹಣ ನನ್ನ ಕೈಗೆ ಬಂದಿದೆ, ನಿಮ್ಮ ನಾಣ್ಯಗಳು ಬೀರುವಿನಲ್ಲಿವೆ.

ಹುಬ್ಬಳ್ಳಿಯಿಂದ

ತೊಳೆದ ನಾಣ್ಯದ ಬೆಲೆ ಏನೆಂಬುದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಟೇಬಲಿನಿಂದ ಟೇಬಲಿಗೆ ಬೆಲೆ ಬದಲಾಗುವುದನ್ನು ಕಂಡು ಬೇಸತ್ತು, ಆರು ನಾಣ್ಯಗಳನ್ನು ಮಧ್ಯವರ್ತಿಯೊಬ್ಬರ ಮೂಲಕ ನಾಣ್ಯದ ಅಸಲಿತನ ಪರೀಕ್ಷಿಸಿ ದರ್ಜೆ ಕೊಡುವ ವಿದೇಶದ ಸಂಸ್ಥೆಯೊಂದಕ್ಕೆ ಕಳುಹಿಸಿದೆ. ಒಂದಕ್ಕೆ ಶುಲ್ಕ 2,400, ವಿಮೆ ಮತ್ತು ಅಂಚೆಯ ಪಾಲು 650, ಮಧ್ಯವರ್ತಿಗೆ 300. ಆರಕ್ಕೆ ಒಟ್ಟು 20,100 ರೂಪಾಯಿ. ಮರಳಿ ಬರಲು ಏಳು ತಿಂಗಳು ಹಿಡಿಯಿತು. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬಂದ ಎರಡರ ಮೇಲೆ ದರ್ಜೆಯ ಬದಲು "ತೊಳೆಯಲಾಗಿದೆ" ಎಂಬ ಷರಾ ಇತ್ತು. ಆ ಎರಡನ್ನು ಕೊಳ್ಳುವಾಗ ವ್ಯಾಪಾರಿ "ಕೈ ಮುಟ್ಟದ ಮಾಲು" ಎಂದು ಆಣೆ ಮಾಡಿದ್ದ.

ಆದರೆ ಉಳಿದವುಗಳಲ್ಲಿ 1939ರ ರೂಪಾಯಿ ಇತ್ತು. ಆರನೆಯ ಜಾರ್ಜ್ ದೊರೆಯ ಆ ವರ್ಷದ ರೂಪಾಯಿ ಅತಿ ವಿರಳ. ಮರುವರ್ಷದಿಂದ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಅಂಚಿನ ವಿನ್ಯಾಸವನ್ನೂ ಬದಲಿಸಿದರು. ವಿರಳವಾದುದರಿಂದಲೇ ಇದರ ನಕಲುಗಳು ಮೇಳಗಳಲ್ಲಿ ಹೇರಳವಾಗಿವೆ. ಪ್ರಮಾಣಪತ್ರವಿಲ್ಲದೆ ತೋರಿಸಿದಾಗ ವ್ಯಾಪಾರಿಗಳು ಕೊನೆಯ ಅಂಕಿಯ ಸುತ್ತಲೇ ಕಣ್ಣಿಟ್ಟು ನೋಡಿ, ತಿದ್ದಿದ್ದಿರಬೇಕೆಂದು ತಲೆಯಾಡಿಸಿ ಹಿಂದಿರುಗಿಸಿದ್ದರು. ಪ್ರಮಾಣಪತ್ರ ಬಂದ ಮೇಲೆ ಅದೇ ಜನ ನನಗೆ ಫೋನು ಮಾಡತೊಡಗಿದರು. ಖರ್ಚೆಲ್ಲ ಆ ಒಂದರಿಂದಲೇ ಹಲವು ಪಟ್ಟು ಮರಳಿತು. ನನ್ನ ಮಾರ್ಗವೇ ಸರಿಯೆಂದು ಇಂದಿಗೂ ಹೇಳುತ್ತೇನೆ.

ಮಂಗಳೂರಿನಿಂದ, ವಕೀಲ

ಹುಬ್ಬಳ್ಳಿಯವರ ಮಾತನ್ನು ನಂಬಿ ಹಾಸನದವರು ವಿಕ್ಟೋರಿಯಾ ರೂಪಾಯಿಗಳನ್ನು ವಿದೇಶಕ್ಕೆ ಕಟ್ಟಿ ಕಳುಹಿಸಿದರೆ ಏನಾಗುತ್ತದೆಂದು ಅವರು ಯೋಚಿಸಿದ್ದಾರೆಯೇ? 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವು ಪ್ರಾಚ್ಯವಸ್ತುವಾಗುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಪ್ರಾಚ್ಯವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸುವವರು ಪರವಾನಗಿ ಹೊಂದಿರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ನಾನು ಮೇಳದಲ್ಲಿ ಪ್ರತಿ ಟೇಬಲಿನಲ್ಲೂ ಮೊದಲು ಕೇಳುವುದು ಪರವಾನಗಿಯನ್ನೇ. ಒಮ್ಮೆ ಒಬ್ಬರು "ಕೊಳ್ಳುವುದಾದರೆ ಕೊಳ್ಳಿ, ತನಿಖೆಗೆ ಬಂದಿದ್ದರೆ ಹೊರಡಿ" ಎಂದು ನಾಲ್ಕು ಜನರ ಮುಂದೆ ಗದರಿದರು. ಅಂದಿನಿಂದ ನಾನು ಅವರ ಹತ್ತಿರ ಒಂದು ಕಾಸನ್ನೂ ಕೊಂಡಿಲ್ಲ.

ಕಣ್ಣನ್ನು ಪಳಗಿಸಬೇಕಾದವರು ಮೊದಲು ಉಡುಪಿಗೆ ಹೋಗಿ, ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆಯಲಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದವರ ಮನೆ ಅದು. ಅಸಲಿಯನ್ನು ಹತ್ತಿರದಿಂದ ನೋಡಿದವರನ್ನು ಎರಕದ ನಕಲು ಸುಲಭವಾಗಿ ಮರುಳುಮಾಡಲಾರದು. ಅಚ್ಚಿನ ಏಟಿನಿಂದ ಮೂಡಿದ ಅಕ್ಷರದ ಅಂಚು ಚೂಪಾಗಿರುತ್ತದೆ; ಎರಕದಲ್ಲಿ ಅದು ಮೊಂಡಾಗಿ, ಮೈಮೇಲೆ ಗಾಳಿಗುಳ್ಳೆಯ ಕುಳಿಗಳು ಉಳಿದಿರುತ್ತವೆ.

ಹುಬ್ಬಳ್ಳಿಯಿಂದ

ನಾನು ಕಳುಹಿಸಿದ ಆರರಲ್ಲಿ ಒಂದೂ 1938ಕ್ಕಿಂತ ಹಳೆಯದಲ್ಲ. ವಕೀಲರು ನನ್ನ ಬರಹವನ್ನು ಪೂರ್ತಿ ಓದದೆ ನನ್ನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ್ದಾರೆ. ಇದನ್ನು ಹಿಂತೆಗೆದುಕೊಳ್ಳಬೇಕು.

ಮಂಗಳೂರಿನಿಂದ, ವಕೀಲ

ನೀವು ಇಸವಿ ಬರೆದದ್ದು ಒಂದೇ ನಾಣ್ಯಕ್ಕೆ. ಉಳಿದ ಐದರದ್ದು ಈಗ ತಿಳಿಯಿತು. ನಿಮ್ಮ ಮೇಲಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಹಾಸನದವರಿಗೆ ಹೇಳಿದ ಎಚ್ಚರಿಕೆ ಹಾಗೆಯೇ ಇರಲಿ.

ಹಾಸನದಿಂದ

ಎಲ್ಲರಿಗೂ ವಂದನೆಗಳು. ನಾಣ್ಯಗಳನ್ನು ತೊಳೆದಿಲ್ಲ. ತಾಮ್ರದ ಕಾಸುಗಳನ್ನು ಮತ್ತೊಮ್ಮೆ ನೋಡಿದೆ. ಕೆಲವುಗಳಲ್ಲಿ ಆನೆಯ ಮೇಲೆ ಸೂರ್ಯ ಚಂದ್ರರ ನಡುವೆ "ಶ್ರೀ" ಎಂದಿದೆ, ಹಿಂಬದಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಬರಹವಿದೆ. ಒಂದರಲ್ಲಿ ಮಾತ್ರ ಹಿಂದೆ ಪಾರಸಿ ಲಿಪಿಯಿದ್ದು, ನಾಣ್ಯ ದಪ್ಪವಾಗಿದೆ.

ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ಮೊದಲಿನವು ಮುಮ್ಮಡಿ ಕೃಷ್ಣರಾಜ ಒಡೆಯರವು. ಹಿಂಬದಿಯಲ್ಲಿ "ಮಯಿಲಿ ಕಾಸು" ಎಂಬ ಬರಹವಿದ್ದು, ಇಪ್ಪತ್ತು, ಹತ್ತು, ಐದು ಎಂಬ ಮೌಲ್ಯ ಅದರಿಂದ ತಿಳಿಯುತ್ತದೆ. ಕ್ರಮೇಣ "ಚಾಮುಂಡಿ" ಎಂಬ ಅಕ್ಷರಗಳೂ ಸೇರಿ, ಆಮೇಲೆ ಆನೆಯ ಜಾಗದಲ್ಲಿ ಸಿಂಹ ಬಂದಿತು. 1843ರಲ್ಲಿ ಟಂಕಸಾಲೆಯೇ ಮುಚ್ಚಿತು. ಪಾರಸಿ ಲಿಪಿಯದು ಟಿಪ್ಪು ಸುಲ್ತಾನರದು. ಅದರ ಮೇಲೆ "ಪಟ್ಟಣ" ಎಂದು ಟಂಕಸಾಲೆಯ ಹೆಸರಿದ್ದರೆ ಶ್ರೀರಂಗಪಟ್ಟಣ, "ನಗರ" ಎಂದಿದ್ದರೆ ಬಿದನೂರು. ಅವರೇ ಜಾರಿಗೆ ತಂದ ಮೌಲೂದಿ ಎಂಬ ಕಾಲಗಣನೆಯ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದೆ ಇಸವಿ ತಪ್ಪಾಗಿ ಬರೆದ ಚೀಟಿಗಳನ್ನು ನಾನು ಮೇಳಗಳಲ್ಲಿ ಕಂಡಿದ್ದೇನೆ. ನೀವು ಇವನ್ನು ಮಾರಬಾರದು ಎಂದೇ ನನ್ನ ಅಭಿಪ್ರಾಯ.

ಬೆಂಗಳೂರು ಬಸವನಗುಡಿಯಿಂದ, ನಾಣ್ಯ ವ್ಯಾಪಾರಿ

ಹುಡುಗಿಯ ಓದಿಗೆ ಹಣ ಬೇಕೆಂದವರಿಗೆ ಮಾರಬೇಡಿ ಎನ್ನುವುದು ಸುಲಭ, ಮೇಡಂ. ಮಯಿಲಿ ಕಾಸುಗಳು ಸವೆದಿದ್ದರೆ ನೂರು ಇನ್ನೂರು ರೂಪಾಯಿಯ ಮಾಲು. ಅಕ್ಷರಗಳು ನಿಂತಿದ್ದರೆ ಮಾತು ಬೇರೆ.

ತುಮಕೂರಿನಿಂದ

ಮತ್ತೆ ಅದೇ "ಮಾಲು"! ನಿಜವಾದ ವ್ಯಾಪಾರಿಯಾಗಿದ್ದರೆ ಆ ದಪ್ಪ ಕಾಸಿಗೆ ನೀವು ಎಷ್ಟು ಕೊಡುವಿರೆಂದು ಇಲ್ಲೇ ಎಲ್ಲರ ಮುಂದೆ ಬರೆಯಿರಿ.

ಬೆಂಗಳೂರು ಬಸವನಗುಡಿಯಿಂದ, ನಾಣ್ಯ ವ್ಯಾಪಾರಿ

ಕಣ್ಣಿಂದ ನೋಡದ ತಾಮ್ರಕ್ಕೆ ಬೆಲೆ ಕಟ್ಟುವವನ ಮಾತಿಗೆ ಬೆಲೆಯಿಲ್ಲ. ಹಾಸನದವರು ನಾಣ್ಯಗಳನ್ನು ಒಂದೊಂದಾಗಿ ಹೋಲ್ಡರಿಗೆ ಹಾಕಿ, ಪಟ್ಟಿ ಮಾಡಿ, ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಂಡು ಬರಲಿ. ಬೆಳಿಗ್ಗೆ ಬಾಗಿಲು ತೆರೆದೊಡನೆ ನಾಲ್ಕು ಟೇಬಲಿನವರಿಗೆ ತೋರಿಸಲಿ. ಐದನೆಯದಾಗಿ ನನ್ನಲ್ಲಿಗೆ ಬರಲಿ, ಉಳಿದವರ ಬೆಲೆಯನ್ನು ನನಗೆ ಹೇಳದಿರಲಿ. ಪ್ರತಿ ನಾಣ್ಯದ ಎದುರು ನನ್ನ ಬೆಲೆಯನ್ನು ಅವರ ಪಟ್ಟಿಯಲ್ಲೇ ಬರೆದು ಸಹಿ ಹಾಕಿ ಕೊಡುತ್ತೇನೆ. ತುಮಕೂರಿನವರೂ ಜೊತೆಗೆ ಬಂದು ನಿಲ್ಲಬಹುದು.

ತುಮಕೂರಿನಿಂದ

ಬರುತ್ತೇನೆ. ಅಂದಿನ ಬೆಳ್ಳಿಯ ದರವನ್ನು ಪತ್ರಿಕೆಯಿಂದ ಕತ್ತರಿಸಿಕೊಂಡೇ ಬರುತ್ತೇನೆ.