ಗರ್ಭಕೋಶ ತೆಗೆಸೋ ಆಪರೇಷನ್ ಈಗ ಜಾಸ್ತಿ ಆಗಿದ್ಯಾ?

ಸೋಮವಾರಪೇಟೆಯವಳು:
ನಮ್ಮತ್ತಿಗೆಗೆ 37. ಕಾಫಿ ಕುಯ್ಲು ಶುರುವಾದಾಗಿಂದ ಮುಟ್ಟಲ್ಲಿ ವಿಪರೀತ ಬ್ಲೀಡಿಂಗ್, ಸ್ಕ್ಯಾನಲ್ಲಿ ಸಣ್ಣ ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯೋ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದೆ ಅಂತ ಬಂತು, ತೋರಿಸಿದ ಪ್ರೈವೇಟ್ ಆಸ್ಪತ್ರೇಲಿ ಹೇಗಿದ್ರೂ ಮಕ್ಕಳಾಗಿದ್ಯಲ್ಲ ಗರ್ಭಕೋಶ ತೆಗೆಸಿಬಿಡಿ ಅಂದ್ರು. ತೋಟದ ಲೈನ್ ಮನೇಲೂ ಸುಮಾರು ಹೆಂಗಸ್ರು ಚಿಕ್ಕ ವಯಸ್ಸಲ್ಲೇ ತೆಗೆಸಿದ್ದಾರೆ. ಇದು ಎಲ್ಲಾ ಕಡೆ ಹೀಗೇನಾ?

ಗೋಣಿಕೊಪ್ಪ ನರ್ಸ್:
ಎಲ್ಲಾ ಕಡೆ ಹೀಗಿಲ್ಲ ಕಣಮ್ಮ. ಅಮೆರಿಕದಲ್ಲಿ ಅಡ್ಮಿಟ್ ಆಗಿ ಮಾಡಿಸ್ಕೊಳ್ಳೋ ಈ ಆಪರೇಷನ್ 2002ರಲ್ಲಿ ವರ್ಷಕ್ಕೆ ಸುಮಾರು 6.8 ಲಕ್ಷ ಇತ್ತು, 2010ಕ್ಕೆ 4.3 ಲಕ್ಷಕ್ಕೆ ಇಳೀತು, ಅದ್ರಲ್ಲಿ ಸ್ವಲ್ಪ ಸಣ್ಣ ತೂತು ಮಾಡಿ ಆಪರೇಷನ್ ಮುಗಿಸಿ ಅವತ್ತೇ ಮನೆಗೆ ಕಳಿಸೋ ಲ್ಯಾಪರೋಸ್ಕೋಪಿಗೆ ಹೋಗಿರ್ಬೋದು, ಆದ್ರೆ ಮಾತ್ರೆ, ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಇರೋ ಸಾಧನ (ಐಯುಡಿ) ಇವೆಲ್ಲ ಬಂದಿದ್ದೂ ಕಾರಣ. ನಮ್ ದೇಶದಲ್ಲಿ ಮಾತ್ರ ಇಳೀಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ 15ರಿಂದ 49 ವರ್ಷದ ಹೆಂಗಸರಲ್ಲಿ 2015-16ಕ್ಕೆ ಶೇ 3.2 ಜನ ತೆಗೆಸಿದ್ರು, 2019-21ಕ್ಕೆ ಶೇ 3.3. ಆಂಧ್ರದಲ್ಲಂತೂ ಶೇ 9ರ ಹತ್ರ. ಮೂರರಲ್ಲಿ ಎರಡು ಭಾಗ ಪ್ರೈವೇಟಲ್ಲೇ ಆಗಿರೋದು. ನಂಗೆ ಹೊಟ್ಟೆ ಉರಿಯೋದು ವಯಸ್ಸು ನೋಡಿದ್ರೆ, ಮೂವತ್ತೈದರ ಆಸುಪಾಸಲ್ಲೇ ಮಾಡಿಸ್ಕೊಳ್ಳೋರು ಎಷ್ಟೋ ಜನ. ಅಂಡಾಶಯನೂ ಜೊತೆಗೆ ತೆಗೆದ್ರೆ ಮುಟ್ಟು ನಿಲ್ಲೋ ತೊಂದ್ರೆಯೆಲ್ಲ ಒಂದೇ ಸಲ ಶುರುವಾಗುತ್ತೆ, ಮೂಳೆ ಸವೆಯುತ್ತೆ, ಮತ್ತೆ ತೋಟದಲ್ಲಿ ಬುಟ್ಟಿ ಹೊರೋದು ಹೇಗೆ ಹೇಳಿ?

ಮಡಿಕೇರಿ ಅಣ್ಣ:
ನಮ್ ಕರ್ನಾಟಕದ್ದೇ ಕಲಬುರಗಿ ಕಡೆ ಲಂಬಾಣಿ, ದಲಿತ ಹೆಂಗಸ್ರಿಗೆ ಬೇಕಿಲ್ದೇ ಇದ್ರೂ ಆಪರೇಷನ್ ಮಾಡಿದ್ದಾರೆ ಅಂತ 2015ರಲ್ಲಿ ದೊಡ್ಡ ಗಲಾಟೆ ಆಗಿತ್ತು. ಮಹಾರಾಷ್ಟ್ರದ ಬೀಡಲ್ಲಿ ಕಬ್ಬು ಕಡಿಯೋ ಹೆಂಗಸ್ರ ಕಥೆನೂ ಅದೇ, ಮುಟ್ಟಿಗೆ ರಜೆ ಹಾಕಿದ್ರೆ ಕೂಲಿ ಹೋಗುತ್ತೆ ಅನ್ನೋ ಭಯ. ಬೇಕಿಲ್ದೇ ಇರೋ ಈ ಆಪರೇಷನ್ ತಡೆಯೋಕೆ ಕೇಂದ್ರ 2022ರಲ್ಲಿ ಮಾರ್ಗಸೂಚಿ ಮಾಡಿ, 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯನೂ ಮೂರು ತಿಂಗಳಲ್ಲಿ ಜಾರಿ ಮಾಡ್ಬೇಕು ಅಂತು.

ಸೋಮವಾರಪೇಟೆಯವಳು:
ಹಾಗಾದ್ರೆ ಈಗೇನ್ ಮಾಡೋದಕ್ಕಾ?

ಗೋಣಿಕೊಪ್ಪ ನರ್ಸ್:
ಮೊದ್ಲು ರಕ್ತ ಎಷ್ಟಿದೆ ಚೆಕ್ ಮಾಡ್ಸಿ. ಆಮೇಲೆ ಸ್ಕ್ಯಾನ್ ರಿಪೋರ್ಟ್ ತಗೊಂಡು ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೇಲಿ ಇನ್ನೊಬ್ರು ಡಾಕ್ಟ್ರಿಗೆ ತೋರ್ಸಿ, ಬಯಾಪ್ಸಿ ಬೇಕಾ, ಮಾತ್ರೇಲಿ ಕಂಟ್ರೋಲ್ ಆಗುತ್ತಾ, ಗಡ್ಡೆ ಮಾತ್ರ ತೆಗೀಬೋದಾ, ತೆಗೀಲೇಬೇಕಾದ್ರೆ ಅಂಡಾಶಯ ಉಳಿಸ್ತೀರಾ ಅಂತ ಕೇಳ್ಸಿ. ಕ್ಯಾನ್ಸರ್ ಅಂತ ಬಂದ್ರೆ, ಇಲ್ಲ ಏನ್ ಮಾಡಿದ್ರೂ ಬ್ಲೀಡಿಂಗ್ ನಿಲ್ದೇ ಹೋದ್ರೆ ಈ ಆಪರೇಷನ್ನೇ ಜೀವ ಉಳಿಸೋದು, ಅದಕ್ಕೆ ಹೆದರಬೇಡಿ. ತಲೆ ಸುತ್ತು, ಒಂದು ಗಂಟೇಲಿ ಪ್ಯಾಡ್ ತುಂಬೋ ಹಾಗಿದ್ರೆ ಮಾತ್ರ ಕಾಯ್ಬೇಡಿ, ತಕ್ಷಣ ಕರ್ಕೊಂಡ್ ಹೋಗಿ.